ಸಾಲಪತ್ರದ ಸಾಲುಮನೆ

ಮೊನ್ನೆ ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದರು. ಈ ಕಾಲದಲ್ಲಿ ಯಾರು ಸುಣ್ಣ ಹೊಡೆಸುತ್ತಾರೆ ಎಂದು ನೀವು ಕೇಳಬಹುದು. ನಮ್ಮ ಬೀದಿಯಲ್ಲಿ ಇನ್ನೂ ಒಬ್ಬರಿದ್ದಾರೆ. ಆ ಹಸಿ ವಾಸನೆ ಕಿಟಕಿಯೊಳಗೆ ನುಗ್ಗಿದ್ದೇ ತಡ, ನಾನು ಬಂಗಾರಪೇಟೆಯ ಎಲ್ಲಮ್ಮನ ಮನೆಯಲ್ಲಿದ್ದೆ.

ನಾನಾಗ ಹೆಣ್ಣುಮಕ್ಕಳ ಶಾಲೆಗೆ ಹೊಸ ಟೀಚರಮ್ಮ. ಗಂಡ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದರು. ಮನೆಯಲ್ಲಿ ಮೂರನೆಯವರು ಅತ್ತೆ, ಅಧಿಕಾರದಲ್ಲಿ ಮೊದಲನೆಯವರು. ಎಲ್ಲಮ್ಮ ಕಾಮಸಮುದ್ರದ ಕಡೆಯವಳು, ನಮಗೆ ಹಾಲು ಹಾಕುತ್ತಿದ್ದಳು. ಅವಳ ಗಂಡ ದಿನಾ ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಗೆ ಕೂಲಿಗೆ ಹೋಗುತ್ತಿದ್ದ. ಹಳಿಯ ಪಕ್ಕದ ಬಿದಿರು ತಟ್ಟಿಯ ಗುಡಿಸಲಲ್ಲಿ ಅವರ ಸಂಸಾರ. ಗಾಳಿ ಜೋರಾದರೆ ತಟ್ಟಿ ಹಿಡಿದುಕೊಳ್ಳಲು ಒಬ್ಬರು ಬೇಕು.

ಆ ವರ್ಷ ಪುರಸಭೆ ಒಂದು ಸಾಲಪತ್ರ ಹೊರಡಿಸಿತು. ಜನರ ಬಾಯಲ್ಲಿ ಅದು ಬಾಂಡು. ಊರಿನವರು ಪುರಸಭೆಗೆ ಸಾಲ ಕೊಡುವುದು, ಆ ಹಣದಲ್ಲಿ ಕೂಲಿಯವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟುವುದು, ಬರುವ ಬಾಡಿಗೆಯಿಂದಲೇ ಸಾಲ ತೀರಿಸುವುದು. ಯುಗಾದಿಯೊಳಗೆ ಹಣ ಸೇರದಿದ್ದರೆ ಕೆಲಸ ಅಲ್ಲಿಗೇ ಬಿಟ್ಟಂತೆ. ಮಂಡಿಯ ಸಾಹುಕಾರರು ಬಡ್ಡಿ ಕಡಿಮೆಯೆಂದು ಮೂಗು ಮುರಿದರು.

ನನಗೋ ಪಾಠ ಹೇಳುವ ಚಟ. ಒಂದು ಬೆಳಿಗ್ಗೆ ಎಲ್ಲಮ್ಮನನ್ನು ನಿಲ್ಲಿಸಿಕೊಂಡು ಇದನ್ನೆಲ್ಲ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, "ಅಂಗಾರೆ ನೀವು ಎಷ್ಟು ಆಕಿದ್ದೀರಮ್ಮ?" ಎಂದಳು.

ನಾನು ಹಾಕಿರಲಿಲ್ಲ. ಹಾಕಬೇಕೆಂದು ಹೊಳೆದೂ ಇರಲಿಲ್ಲ. ಹಾಲು ಕಾಯಿಸುವ ನೆಪದಲ್ಲಿ ಒಳಗೆ ಓಡಿದರೆ, ಅತ್ತೆ ಎಲ್ಲ ಕೇಳಿಸಿಕೊಂಡು ಅಡುಗೆಮನೆಯಲ್ಲೇ ನಿಂತಿದ್ದರು. ನನ್ನ ಬಳೆಗೆಂದು ಕೂಡಿಟ್ಟ ದುಡ್ಡು ಅವರ ಪೆಟ್ಟಿಗೆಯಲ್ಲಿತ್ತು.

"ಚಿನ್ನ ತೆಗೆಯೋ ಊರ ಪಕ್ಕದಾಗಿದ್ದು ಯಾರಾನಾ ಕಾಗದ ತಗೊಂತಾರೇನೇ?" ಎಂದು ನಾನು ಬಾಯಿ ತೆರೆಯುವ ಮೊದಲೇ ಗದರಿದರು.

ಆದರೆ ಸಂಜೆ ಯಾರಿಗೂ ಹೇಳದೆ ಹಳಿಯ ಕಡೆ ಹೋಗಿಬಂದರು. ಸೀರೆಯ ಮೊಣಕಾಲಿನ ಹತ್ತಿರ ಮಣ್ಣು ಮೆತ್ತಿತ್ತು.

"ಅಂಬೆಗಾಲಿಕ್ಕಿ ಒಳಕ್ಕೋಗ್ಬೇಕು ಕಣೇ. ಎಲ್ಲಮ್ಮನ ಮಗಳು, ಹಸೀ ಬಾಣಂತಿ, ಅದರಾಗವಳೆ." ಪೆಟ್ಟಿಗೆಯ ಬೀಗ ತೆಗೆಯುತ್ತ, "ಬಳೆ ಇನ್ನೊಂದ್ ಸಲ ಮಾಡ್ಸಾನ," ಎಂದರು.

ಮರುದಿನ ಬಾಂಡು ಕೊಂಡೆವು. ನನ್ನನ್ನು ನೋಡಿ ಶಾಲೆಯ ಇನ್ನಿಬ್ಬರು ಟೀಚರುಗಳು, ಅವರನ್ನು ನೋಡಿ ಸ್ಟೇಷನ್ನಿನವರು, ಕಡೆಗೆ ನಾಚಿಕೆಗೆ ಸಾಹುಕಾರರೂ ಕೊಂಡರು. ಯುಗಾದಿಗೆ ಎರಡು ದಿನವಿರುವಾಗ ಹಣ ಪೂರಾ ಆಯಿತು.

ಮುಂದಿನ ವರ್ಷ ಹೆಂಚಿನ ಮನೆಗಳ ಎರಡು ಸಾಲು ಎದ್ದವು. ಅದರಲ್ಲೊಂದು ಮನೆ ಎಲ್ಲಮ್ಮನಿಗೆ ಸಿಕ್ಕಿತು. ಗೃಹಪ್ರವೇಶಕ್ಕೆ ನಾವು ಹೋದಾಗ ಗೋಡೆಯ ಸುಣ್ಣ ಇನ್ನೂ ಆರಿರಲಿಲ್ಲ. ಎಲ್ಲಮ್ಮ ನಮ್ಮನ್ನು ಕರೆದೊಯ್ಯುತ್ತ ಹೊಸ ಬಾಗಿಲಲ್ಲಿ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ನುಸುಳಿದಳು.

"ಲೇ, ನೆಟ್ಟಗೆ ನಡಿಯೇ! ಬಾಗಿಲು ಏಟೆತ್ತರ ಐತೆ ನೋಡು," ಎಂದರು ಅತ್ತೆ.

ಎಲ್ಲರೂ ನಕ್ಕರು. ಎಲ್ಲಮ್ಮನೂ ನಕ್ಕು, ಹೊರಗೆ ಹೋಗಿ ನೆಟ್ಟಗೆ ಒಳಗೆ ಬಂದಳು. ಆಮೇಲೆ ಏನನ್ನಿಸಿತೋ, ಸುಮ್ಮನೆ ಇನ್ನೊಂದು ಸಲ ಹೋಗಿ ಬಂದಳು.

ಅಂದಿನಿಂದ ನಾನು, ಎಲ್ಲಮ್ಮನಿಗೆ ಮನೆ ಕೊಡಿಸಿದವರು ನಾವೇ ಎಂದು ಹೇಳಿಕೊಂಡು ತಿರುಗಿದೆ. ಅವಧಿ ಮುಗಿದಾಗ ಹಣ ಬಡ್ಡಿಸಮೇತ ಬಂತು. ಅದು ಎಲ್ಲಿಂದ ಬಂತೆಂದು ಯೋಚಿಸಲಿಲ್ಲ. ಮೊನ್ನೆ ಕಿಟಕಿಯ ಬಳಿ ಕೂತಾಗ ಹೊಳೆಯಿತು. ಪ್ರತಿ ತಿಂಗಳೂ ಹಾಲು ಹಾಕಿ ಮುಗಿಸಿ, ಸೆರಗಿನ ಗಂಟಿನಲ್ಲಿ ಬಾಡಿಗೆ ಕಟ್ಟಿಕೊಂಡು ಪುರಸಭೆಗೆ ನಡೆದವಳು ಅವಳು. ಒಂದು ತಿಂಗಳೂ ತಪ್ಪಿಸಿದವಳಲ್ಲ. ನನ್ನ ಕೈಗೆ ವಾಪಸು ಬಂದದ್ದು ಅದೇ ದುಡ್ಡು.

"ಏನಜ್ಜಿ, ಒಬ್ಬಳೇ ನಗ್ತಿದ್ದೀಯ?" ಎಂದು ಮೊಮ್ಮಗಳು ಬಂದಳು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿದೆ: "ಬಂಗಾರಪೇಟೆಯಲ್ಲಿ ಎಲ್ಲಮ್ಮ ಅಂತ ಒಬ್ಬಳಿದ್ದಳು. ತನ್ನ ಮನೆ ತಾನೇ ಕಟ್ಟಿಸಿಕೊಂಡವಳು."