ಟೈಲ್ಸಿನ ಬೆನ್ನು

ಬೆಳಂಬಾರದ ಬೀರ ಮೇಸ್ತ್ರಿ ಅಂಗಳಕ್ಕೆ ಟೈಲ್ಸ್ ಕೂರಿಸಲು ಬಂದರೆ ಆ ಮನೆಯವರೆಲ್ಲ ತಪ್ಪಿತಸ್ಥರೇ. ಹಳೆಯ ರೂಢಿಯಂತೆ ನಾನು ಹೊಸ ವಿಟ್ರಿಫೈಡ್ ಟೈಲ್ಸನ್ನು ನೀರಲ್ಲಿ ನೆನೆಹಾಕಿದ್ದೆ. "ಅಕ್ಕೋರೆ, ಇದೆಂತ ಉದ್ದಿನಬೇಳೆಯಾ? ಇದು ಹನಿ ನೀರೂ ಕುಡೂದಿಲ್ಲ! ಬೆನ್ನು ಒದ್ದೆಯಾದ್ರೆ ಸಿಮೆಂಟು ಹಿಡೂದು ಹೆಂಗೆ?" ಎಂದು, ಶಾಲೆಯಲ್ಲಿ ನಾನು ಮಕ್ಕಳನ್ನು ಗದರುವುದಕ್ಕಿಂತ ಜೋರಾಗಿ ಗದರಿ, ಒಂದೊಂದನ್ನೂ ಹೆಗಲ ಟವೆಲ್ಲಿನಿಂದ ಒರೆಸಿದ. ಮೂಲೆಗೊಂದು ಉಂಡೆ ಸಿಮೆಂಟಿಟ್ಟು ಟೈಲ್ಸ್ ಹಚ್ಚುವ ಮೇಸ್ತ್ರಿಗಳನ್ನು ಅವನು ಕರೆಯುವುದೇ 'ಪಿಂಡ ಇಡೂ ಭಟ್ರು' ಎಂದು. ತಾನಾದರೋ ಹಾಸಿದ ಗಾರೆಯ ಮೇಲಿಡುವ ಮೊದಲು ಬೆನ್ನಿನ ಅಂಚಿನವರೆಗೂ ಸಿಮೆಂಟಿನ ಅಂಟು ಬಳಿಯುತ್ತಾನೆ, ಕರಣೆಯ ಹಿಡಿಯಿಂದ ಬಡಿದು ಕಿವಿಗೊಡುತ್ತಾನೆ, ಸದ್ದು ಟೊಳ್ಳೆನಿಸಿದರೆ ಬೈದುಕೊಂಡೇ ಕಿತ್ತು ಮತ್ತೆ ಕೂರಿಸುತ್ತಾನೆ. ಆಗತಾನೇ ಕೂರಿಸಿದ್ದರ ಮೇಲೆ ಕಾಗೆ ಕೂತರೂ ಅದರ ವಂಶವನ್ನೇ ಶಪಿಸುತ್ತಾನೆ. ಮದುವೆಯೂಟಕ್ಕೆ ಹೋದಲ್ಲೂ ಹಿಮ್ಮಡಿಯಿಂದ ಜಗಲಿ ಕುಟ್ಟಿ, "ಮಳೆಗಾಲಕ್ಕೆ ಏಳ್ತದೆ ಇದು, ಯಾವ ಕತ್ತೆ ಕೂರ್ಸಿದ್ದು?" ಎಂದು ಯಜಮಾನನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಒಮ್ಮೆ ಅವನನ್ನು ಕರೆಯಲು ಮನೆಗೆ ಹೋದಾಗ, ಬಾಗಿಲ ಬಳಿ ಗೋಡೆಗೆ ಒರಗಿಸಿಟ್ಟ ಒಂದೇ ಒಂದು ಟೈಲ್ಸ್ ಕಂಡಿತು. ತಿರುಗಿಸಿ ನೋಡಿದರೆ ಬೆನ್ನಿನಲ್ಲಿ ಸಿಮೆಂಟಿನ ಕಣವೂ ಇರಲಿಲ್ಲ. "ಹೊಸದಾ?" ಎಂದೆ. ಅಂದು ಅವನು ಗದರಲಿಲ್ಲ. "ಅಲ್ಲ ಅಕ್ಕೋರೆ. ಈ ನಮೂನೆ ಟೈಲ್ಸು ಊರಿಗೆ ಹೊಸದಾಗಿ ಬಂದಾಗ ನಾನೂ ನೆನೆಸಿಯೇ ಹಾಕಿದ್ದೆ. ಇದು ನಮ್ಮ ಮೆಟ್ಟಿಲಿಂದ ಎದ್ದು ಬಂದದ್ದು, ಅವ್ವ ಕಾಲಿಟ್ಟಾಗ." ಒಳಗಿನ ಮಂಚದಿಂದ ಮುದಿದನಿಯೊಂದು ಕೂಗಿತು: "ಬೀರಾ, ಅಕ್ಕೋರಿಗೆ ನೀನೇ ಚಾ ಮಾಡಿಕೊಡು, ನಂಗೆ ಏಳೂಕೆ ಆಗೂದಿಲ್ಲ."