ಫಿಯೆಟ್ಟಿಗೆ ಸೂಜಿ ಆರಿಸಿದ ಇಸ್ಮಾಯಿಲಾಕ

ಹೊಸಂಗಡಿಯ ಹಳೇ ಕಾರುಗಳಿಗೆಲ್ಲ ಇಸ್ಮಾಯಿಲಾಕನೇ ಡಾಕ್ಟರು. ತಲಪಾಡಿಯಲ್ಲಿ ಅಂಬಾಸಿಡರ್ ಕೆಮ್ಮಿದರೆ ಇವರು ಇಲ್ಲಿ ಚಹಾ ಕೆಳಗಿಟ್ಟು "ಎರಡನೇ ಪ್ಲಗ್ಗು" ಎನ್ನುತ್ತಿದ್ದರು. ನಾನೇ ಕೇಳಿದ್ದೇನೆ. ಕೆಟ್ಟದ್ದು ಮೂರನೆಯದಾಗಿತ್ತು, ಅದು ಬೇರೆ ಮಾತು.

2009ರ ರಂಜಾನಿನಲ್ಲಿ ನನ್ನ ಗೆಳೆಯ, ಬಾಯಾರಿನ ಪ್ರೇಮನಾಥ, ಅವರ ಗ್ಯಾರೇಜಿಗೆ ತನ್ನ ಫಿಯೆಟ್ ತಂದ. ನಾನೂ ಜೊತೆಗಿದ್ದೆ. ಕಾರ್ಬುರೇಟರಿನಿಂದ ಪೆಟ್ರೋಲು ಉಕ್ಕುತ್ತಿತ್ತು. ಆ ವಾಸನೆಗೆ ಅಮಲೇರಿದ ಕಾಗೆಗಳು ನಡೆದುಕೊಂಡೇ ಮನೆಗೆ ಹೋಗುತ್ತಿದ್ದವು. ಅವನ ಹೆಂಡತಿ ಮನೋರಮಾ ಕಾರು ಹತ್ತದೆ ಬಸ್ಸಿನಲ್ಲಿ ಬಂದಿಳಿದರು.

"ಇವತ್ತು ವಾಸನೆ ಹೋಗದಿದ್ರೆ ನಾಳೆ ಗುಜರಿಯವನು ಬರ್ತಾನೆ. ಹೇಳಿ ಆಗಿದೆ," ಎಂದು ಬೆಂಚಿನಲ್ಲಿ ಕುಳಿತರು.

ಪ್ರೇಮನಾಥನ ಮುಖ ಬಾಡಿತು.

ಕಾರ್ಬುರೇಟರಿನೊಳಗೆ ಪೆಟ್ರೋಲು ತುಂಬಿದೊಡನೆ ಅದು ಬರುವ ತೂತು ಮುಚ್ಚಬೇಕಾದ ಸೂಜಿ ಸವೆದಿತ್ತು. ಇಸ್ಮಾಯಿಲಾಕ ಹಳೇ ಸೂಜಿಗಳ ಡಬ್ಬಿ ತೆರೆದರು. ರಬ್ಬರ್ ಮೂತಿಯದು ಚೆನ್ನಾಗಿ ಮುಚ್ಚುತ್ತದೆ, ಆದರೆ ಕಾರು ನಿಂತೇ ಇದ್ದರೆ ಅಂಟಿಕೊಳ್ಳುತ್ತದೆ. ಉಕ್ಕಿನದು ಅಂಟುವುದಿಲ್ಲ, ಆದರೆ ಒಂದು ಕಣ ಕಸಕ್ಕೂ ಸೋರುತ್ತದೆ. ಯಾವುದಾದರೂ ಸರಿ, ಕಾರ್ಬುರೇಟರಿನ ಮುಚ್ಚಳಕ್ಕೆ ಸಿಕ್ಕಿಸಿ, ಕವುಚಿ, ಕೊಳವೆಯಿಂದ ಉಸಿರೆಳೆಯಬೇಕು. ಮುಚ್ಚಳ ನಾಲಗೆಗೆ ಅಂಟಿ ನಿಂತರೆ ಸೂಜಿ ಪಾಸು.

"ನೀವೇ ಎಳೀರಿ ಪ್ರೇಮಣ್ಣ. ನನಗೆ ನೋಂಬು. ಬಾಯಿಗೆ ಎಂತದೂ ಹೋಗ್ಲಿಕ್ಕಿಲ್ಲ."

ಪ್ರೇಮನಾಥ ರಬ್ಬರಿನದನ್ನು ಎಳೆದ. "ಲೀಕು."

ಉಕ್ಕಿನದನ್ನು ಎಳೆದ. "ಇದೂ ಲೀಕು."

ಡಬ್ಬಿ ಖಾಲಿಯಾಗುತ್ತ ಬಂತು. "ನನ್ನ ಹತ್ರ ಒಂದೂ ಒಳ್ಳೇದಿಲ್ವಾ ಮಾರಾಯ್ರೆ!" ಎಂದು ಇಸ್ಮಾಯಿಲಾಕ ನೆಲಕ್ಕೇ ಕುಳಿತರು.

ಬೆಂಚಿನಿಂದ ಮನೋರಮಾ ಗಂಡನನ್ನು ಕೇಳಿದರು: "ಹಲ್ಲಿನ ಸೆಟ್ಟು ಎಲ್ಲಿ?"

"ಮನೆಯಲ್ಲಿ."

"ಹಾಗಾದ್ರೆ ಲೀಕು ಸೂಜಿದಲ್ಲ, ನಿಮ್ಮದು."

ಎಲ್ಲರೂ ನನ್ನತ್ತ ನೋಡಿದರು. ನನಗೆ ಅಸ್ತಮಾ ಶುರುವಾಯಿತು.

"ಕೊಡಿ ಇಲ್ಲಿ," ಎಂದು ಮನೋರಮಾ ಎದ್ದರು. ರಬ್ಬರ್ ಮೂತಿಯದನ್ನು ಸಿಕ್ಕಿಸಿ ಕೊಟ್ಟದ್ದೇ ತಡ, ಒಂದೇ ಎಳೆತ. ಮುಚ್ಚಳ ಅವರ ನಾಲಗೆಗೆ ಉಡದಂತೆ ಕಚ್ಚಿಕೊಂಡಿತು.

"ಹೇಗುಂಟು ಅಕ್ಕಾ?"

ಆಗದು ಎನ್ನಲು ನಾಲಗೆಗೆ ಪುರುಸೊತ್ತಿರಲಿಲ್ಲ.

"ದಿನಾ ಓಡಿಸಿ, ಅಂಟುವುದಿಲ್ಲ," ಎಂದು ಇಸ್ಮಾಯಿಲಾಕ ಅದನ್ನೇ ಕೂರಿಸಿದರು. ಎಂಜಿನ್ ಓಡಿತು, ಒಂದು ಹನಿಯೂ ಬೀಳಲಿಲ್ಲ. ಮನೋರಮಾ ಬಾಯಿ ತೊಳೆದು ಮುಂದಿನ ಸೀಟಿನಲ್ಲಿ ಕುಳಿತು ಮೂಗು ಅರಳಿಸಿದರು.

"ವಾಸನೆ ಉಂಟು."

ಅವರು ಅಂಗೈಗೆ ಊದಿ ಮೂಸಿ ನೋಡಿದರು.

"ಕಾರಿನದ್ದಲ್ಲ. ನನ್ನದೇ."

"ಹಾಗಾದ್ರೆ ಗುಜರಿಯವನು?" ಎಂದ ಪ್ರೇಮನಾಥ.

"ಬರಬೇಡ ಅಂತ ಫೋನ್ ಮಾಡಿ," ಎಂದು ಮನೋರಮಾ ಕಿಟಕಿಯ ಗಾಜು ಇಳಿಸಿದರು. ಹಿಂದೆ ಕುಳಿತ ನಾನೂ ಇಳಿಸಿದೆ.