ಹೆಂಚಿನ ಸದ್ದು ತಿಳಿದವಳು

ಬೋಳಾರದ ನದಿದಂಡೆಯ ಹೆಂಚಿನ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಮದರಾಸಿನ ಬಿ.ಎ. ಪದವಿ ನನ್ನನ್ನು ಅಲ್ಲಿಯವರೆಗೆ ತಲುಪಿಸಿತ್ತು. ಪತ್ರಗಳ ಜತೆಗೆ ಧಣಿಯ ಭಾಷಣ ಬರೆಯುವುದೂ ನನ್ನ ಕೆಲಸ. ಹರಿಜನೋದ್ಧಾರದ ಮಾತು ಊರೆಲ್ಲ ಹಬ್ಬಿದ್ದ ಕಾಲ. "ನಮ್ಮ ಕಂಪೆನಿ ಕೇಳುವುದು ಕೆಲಸವನ್ನು, ಜಾತಿಯನ್ನಲ್ಲ" ಎಂದು ಒಂದು ಸಭೆಗೆ ಬರೆದುಕೊಟ್ಟೆ. ವಾಕ್ಯ ನನ್ನದೋ, ಅವರು ಹೇಳಿ ಬರೆಸಿದ್ದೋ, ಈಗ ಖಚಿತವಿಲ್ಲ. ಚಪ್ಪಾಳೆ ಬಿದ್ದ ಖುಷಿಯಲ್ಲಿ ಧಣಿ ಅದನ್ನೇ ಕಾರ್ಖಾನೆಯ ಅಂಗಳದಲ್ಲಿ ತುಳುವಿನಲ್ಲೂ ಹೇಳಿದರು.

ಕೇಳಿದವರಲ್ಲಿ ಹೆಂಚು ಹೊರುವ ಹೆಂಗಸೊಬ್ಬಳಿದ್ದಳು. ಊರು ದೂರ ಇಟ್ಟ ಜಾತಿಯವಳು. ಸುಟ್ಟ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದಿನಲ್ಲೇ ಒಳಬಿರುಕು ಹಿಡಿಯುವುದರಲ್ಲಿ ಅವಳಿಗೆ ಸಮನಾದವರಿರಲಿಲ್ಲ. ಬಿರುಕಿನದನ್ನು ಬೇರೆ ಮಾಡಿ ಒಳ್ಳೆಯ ಹೆಂಚು ಆರಿಸುವ ಮುದುಕ ಕೆಲಸ ಬಿಟ್ಟಾಗ ಅವಳು ಕಚೇರಿಯ ಮೆಟ್ಟಿಲ ಕೆಳಗೆ ಬಂದು ನಿಂತಳು.

"ಬರೆಯುವ ಧಣಿ, ಆ ಕೆಲಸ ನನಗೆ ಕೊಡ್ಲಿಕ್ಕೆ ಹೇಳಿ. ದೊಡ್ಡ ಧಣಿಗಳೇ ಹೇಳಿದ್ದಾರಲ್ಲ."

ಒಳಗೆ ಹೋಗಿ ಹೇಳಿದೆ.

"ನನಗೆಂತ ಭೇದ ಮಾರಾಯ?" ಎಂದರು ಧಣಿ. "ಆದರೆ ಆರಿಸುವವ ಕೂರುವುದು ಕಚೇರಿ ಜಗಲಿಯಲ್ಲಿ. ಮೇಸ್ತ್ರಿಗಳು ಬಿಡ್ತಾರಾ? ನನ್ನ ಮನಸ್ಸು ಬೇರೆ, ಕಂಪೆನಿ ಬೇರೆ."

"ಕಂಪೆನಿ ಅಂದರೆ ನೀವೇ ಅಲ್ಲವೇ?" ಎಂದು ಕೇಳಿದೆನೆಂದು ಎಷ್ಟೋ ವರ್ಷ ಗೆಳೆಯರಿಗೆ ಹೇಳಿಕೊಂಡಿದ್ದೇನೆ. ಕೇಳಿರಲಾರೆ. ಕೇಳಿದ್ದರೆ ಮುಂದಿನ ತಿಂಗಳು ನನ್ನ ಕುರ್ಚಿ ಅಲ್ಲಿರುತ್ತಿರಲಿಲ್ಲ.

ಹೊರಗೆ ಬಂದು, "ಇನ್ನೊಮ್ಮೆ ನೋಡುವ" ಎಂದೆ.

ಒಳಗಿನ ಮಾತು ಮೆಟ್ಟಿಲವರೆಗೆ ಕೇಳಿಸಿತ್ತು. "ಜಗಲಿ ಅಷ್ಟು ಎತ್ತರ ಉಂಟಾ?" ಎಂದು ನಕ್ಕಳು.

ಕೆಲಸ ಮೇಸ್ತ್ರಿಯೊಬ್ಬನ ಅಳಿಯನಿಗೆ ಹೋಯಿತು. ಅವನಿಗೆ ಸದ್ದಿನ ವ್ಯತ್ಯಾಸವೇ ತಿಳಿಯದು. ಅನುಮಾನದ ಹೆಂಚುಗಳನ್ನು ಜಗಲಿಯಿಂದ ಕೆಳಗಿಡುತ್ತಿದ್ದ. ಅವಳು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತಟ್ಟಿ, ಒಳ್ಳೆಯದನ್ನು ಬೇರೆ ಮಾಡಿ, ಮತ್ತೆ ಹೊರೆ ಎತ್ತಿಕೊಂಡು ಹೋಗುತ್ತಿದ್ದಳು. ಧಣಿ ಇದನ್ನು ಅತಿಥಿಗಳಿಗೆ ತೋರಿಸುತ್ತಿದ್ದರು: "ನೋಡಿ, ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೆಲಸ ಮಾಡ್ತಾರೆ."

ಒಂದು ದಿನ ಅವಳು ಹೆಂಚು ತಟ್ಟಲು ಕೂರಲಿಲ್ಲ.

"ಎಂತಾಯ್ತು?" ಎಂದ ಅಳಿಯ.

"ಕಿವಿ ಕೇಳುದಿಲ್ಲ."

"ನಿನ್ನೆ ಕೇಳ್ತಿತ್ತಲ್ಲ ಮಾರಾಯ್ತಿ!"

"ಹೊರುವವಳಿಗೆ ತಲೆ ಸಾಕು. ಕಿವಿ ಎಂತಕ್ಕೆ?"

ಆ ವಾರ ಬಿರುಕು ಹೆಂಚುಗಳು ಹಡಗೇರಿ ಹೋದವು. ದೂರು ಬಂದಾಗ ಕೆಲಸ ಕಳೆದುಕೊಂಡದ್ದು ಅಳಿಯನಲ್ಲ, ಅವಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕಾರಣ ಬರೆಯಲು ಧಣಿ ನನಗೆ ಹೇಳಿದರು. ಅವಳು ಎದುರಿಗೇ ನಿಂತಿದ್ದಳು. ನಾನು ಪಿಸುದನಿಯಲ್ಲಿ ಹೆಸರು ಕೇಳಿದೆ, ಅವಳು ಸ್ಪಷ್ಟವಾಗಿ ಹೇಳಿದಳು. ಅದರ ಮುಂದೆ "ಕಿವುಡು" ಎಂದು ಬರೆದೆ.